ಮುತ್ತಿಗೆಯೊಳಗಣ ಚೆಂಡು

ಕಾಲ್ಚೆಂಡಾಟದ ಚರಿತ್ರೆಯನ್ನು ಬರೆದವರಲ್ಲಿ ಬಹುತೇಕರು ಗೋಲು ಹೊಡೆದವರ ಚರಿತ್ರೆಯನ್ನೇ ಬರೆದಿದ್ದಾರೆ. ತನ್ನ ಗೋಲಿನ ಕಡೆಗೆ ಮುಖಮಾಡಿ ನಿಂತು ಚೆಂಡನ್ನು ಸ್ವೀಕರಿಸಿ, ಬೆನ್ನ ಮೇಲೆ ಒಬ್ಬನೂ ಎಡಬಲಗಳಿಂದ ಇಬ್ಬರೂ ಏಕಕಾಲಕ್ಕೆ ಎರಗುತ್ತಿರುವಾಗ, ಅದನ್ನು ಕಳೆದುಕೊಳ್ಳದೆ ತನ್ನವನೊಬ್ಬನ ಕಾಲಿಗೆ ಮುಟ್ಟಿಸಿದ ಹಾಫ್‌ಬ್ಯಾಕಿನ ಹೆಸರು ಮರುದಿನದ ಪತ್ರಿಕೆಯಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ಚೆಂಡನ್ನು ಕಳೆದುಕೊಂಡನೋ, ಆಗ ಮಾತ್ರ ತಪ್ಪದೆ ಕಾಣಿಸಿಕೊಳ್ಳುತ್ತದೆ. ಎದುರಾಳಿಗಳು ತಮ್ಮ ಅರ್ಧಕ್ಕೆ ಹಿಂದೆಗೆದು ಕಾಯುವುದನ್ನು ಬಿಟ್ಟು, ಚೆಂಡು ಎಲ್ಲಿದೆಯೋ ಅಲ್ಲಿಗೇ ಕೂಡಿಕೊಂಡು ನುಗ್ಗಿ, ಹಿಂಬದಿಯವರಿಗೆ ತಲೆಯೆತ್ತಿ ನೋಡುವಷ್ಟು ಅವಕಾಶವನ್ನೂ ಕೊಡದೆ ಒತ್ತುವ ಕ್ರಮಕ್ಕೆ ಇಂದಿನ ಆಟಗಾರರು ಪ್ರೆಸ್ಸಿಂಗ್ ಎನ್ನುತ್ತಾರೆ. ಈ ಮುತ್ತಿಗೆಯಿಂದ ಪಾರಾಗುವ ವಿದ್ಯೆಯು ನಮ್ಮ ನಾಡಿನಲ್ಲಿ ಬೆಳೆದ ಬಗೆಯನ್ನೂ, ನಡುವೆ ಅದು ಮಂಕಾದ ಬಗೆಯನ್ನೂ, ಪುನಃ ಅನ್ಯದೇಶದಿಂದ ಬೇರೊಂದು ರೂಪದಲ್ಲಿ ಬಂದು ಸೇರಿದ ಬಗೆಯನ್ನೂ ಹೇಳುವುದು ಈ ಬರಹದ ಉದ್ದೇಶ.

ನಾಡಿನಲ್ಲಿ ಎಂದೆನಾದರೂ, ವಾಸ್ತವವಾಗಿ ಹೇಳತಕ್ಕದ್ದು ಬೆಂಗಳೂರಿನ ದಂಡಿನ ಪ್ರದೇಶದಲ್ಲಿ ಎಂದೇ. 1809ರಲ್ಲಿ ಸ್ಥಾಪಿತವಾದ ಆ ಕಂಟೋನ್ಮೆಂಟಿನ ಪಟಾಲಮುಗಳ ಜೊತೆಗೆ ಬಂದ ಆಟವು ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರಗಳ ಬೀದಿಗಳಲ್ಲಿ ಬೇರುಬಿಟ್ಟಿತು. ಗೌತಮಪುರದವರು ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿಕೊಂಡಿದ್ದಾರೆ ಎಂದ ಮೇಲೆ ಆ ಭಕ್ತಿಯ ಆಳವನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಅಲ್ಲಿಂದ ನೂರು ಕಿಲೋಮೀಟರಿಗೆ ತುಸು ಮೇಲಿರುವ ನಮ್ಮ ಮಾಯಸಂದ್ರಕ್ಕೆ ಆ ಚೆಂಡು ಉರುಳಿಕೊಂಡು ಬರಲಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಈ ತೆಂಗಿನ ಸೀಮೆಯಿಂದ ಕೊಬ್ಬರಿಯು ತಿಪಟೂರಿನ ಮಂಡಿಯನ್ನು ಸೇರಿ ಉತ್ತರದೇಶಕ್ಕೆ ಹೋಯಿತು, ಮಕ್ಕಳು ಓದಲೆಂದೂ ನೌಕರಿಗೆಂದೂ ಬೆಂಗಳೂರಿಗೆ ಹೋದರು. ಹಿಂದಿರುಗಿ ಬರುವಾಗ ಸಿನಿಮಾ ಬಂತು, ಕ್ರಿಕೆಟ್ ಬಂತು, ಕಾಲ್ಚೆಂಡು ಮಾತ್ರ ಬರಲಿಲ್ಲ. ಮೂವತ್ತು ಮೂವತ್ತು ಅಡಿಗೊಂದರಂತೆ ಮರ ನೆಟ್ಟ ತೋಟಗಳ ಊರಿನಲ್ಲಿ ನೂರು ಗಜದುದ್ದದ ಬಯಲನ್ನು ಆಟಕ್ಕೆಂದು ಬಿಡುವವರಾರು? ಕಬಡ್ಡಿಗೂ ವಾಲಿಬಾಲಿಗೂ ಶಾಲೆಯ ಮುಂದಿನ ಅಂಗಳ ಸಾಕು. ಆದುದರಿಂದ ನಮ್ಮ ಕಡೆಯವರಿಗೆ ಈ ಆಟದ ಹಿಂಬದಿಯವನ ಸಂಕಟವು ಬಹುಕಾಲ ಅಪರಿಚಿತವಾಗಿಯೇ ಉಳಿಯಿತು. ಈಗೀಗ ದೂರದರ್ಶನದಲ್ಲಿಯೂ ಮೊಬೈಲಿನಲ್ಲಿಯೂ ಆಟ ನೋಡುವ ಹುಡುಗರು, ಗೋಲ್‌ಕೀಪರನು ಚೆಂಡನ್ನು ದೂರಕ್ಕೆ ಒದೆಯದೆ ಪಕ್ಕದಲ್ಲಿಯೇ ನಿಂತವನಿಗೆ ತಳ್ಳಿ ಪ್ರಾಣಸಂಕಟ ತಂದುಕೊಳ್ಳುವುದೇಕೆ ಎಂದು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರ ಹೇಳಬೇಕಾದರೆ ಆಟದ ನಿಯಮಗಳ ಹಳೆಯ ಕಡತವನ್ನು ಸ್ವಲ್ಪ ಬಿಚ್ಚಬೇಕಾಗುತ್ತದೆ.

1866ರಲ್ಲಿ ಇಂಗ್ಲೆಂಡಿನಲ್ಲಿ ರೂಢಿಗೆ ಬಂದ ಆಫ್‌ಸೈಡ್ ನಿಯಮದ ಪ್ರಕಾರ, ಮುಂದೆ ನಿಂತು ಚೆಂಡನ್ನು ಪಡೆಯುವವನಿಗೂ ಗೋಲಿನ ಗೆರೆಗೂ ನಡುವೆ ಎದುರಾಳಿಗಳು ಕನಿಷ್ಠ ಮೂವರಿರಬೇಕಾಗಿತ್ತು. ಇಬ್ಬರು ಬ್ಯಾಕುಗಳು, ಮೂವರು ಹಾಫ್‌ಬ್ಯಾಕುಗಳು, ಐವರು ಫಾರ್ವರ್ಡುಗಳು ಎಂಬ ವ್ಯೂಹವು ಈ ನಿಯಮದ ನೆರಳಿನಲ್ಲಿ ಬಲಿತುದು. ಬ್ಯಾಕಿನವನ ಕರ್ತವ್ಯ ಅಂದು ಬಹಳ ಸರಳ: ಬಂದ ಚೆಂಡನ್ನು ಬಂದ ಹಾಗೆಯೇ ಬಲವಾಗಿ ಒದೆದು ಅಪಾಯವನ್ನು ದೂರಮಾಡುವುದು. ಅವನ ಮೇಲೆ ಐವರು ಫಾರ್ವರ್ಡುಗಳು ಓಡಿ ಬರುತ್ತಿದ್ದರೆಂಬುದು ನಿಜವಾದರೂ ಅದರಲ್ಲಿ ಯೋಜನೆಯಿರಲಿಲ್ಲ. ಒಬ್ಬನ ಹಿಂದೊಬ್ಬನು ತನ್ನ ತನ್ನ ಉತ್ಸಾಹದ ಮೇರೆಗೆ ನುಗ್ಗುತ್ತಿದ್ದನು. ಭುಜದಿಂದ ಬಲವಾಗಿ ಢಿಕ್ಕಿ ಹೊಡೆಯುವುದು ಸಾಮಾನ್ಯವಾಗಿದ್ದ ಕಾಲವದು. 1925ರಲ್ಲಿ ಮೂವರು ಎಂಬುದು ಇಬ್ಬರಿಗೆ ಇಳಿದ ತರುವಾಯ ಗೋಲುಗಳು ಏರಿ, ನಡುವಣ ಹಾಫ್‌ಬ್ಯಾಕು ಹಿಂದಕ್ಕೆ ಸರಿದು ಮೂರನೆಯ ಬ್ಯಾಕಾದನು. ಇದು ಯೂರೋಪಿನ ಮಾತು. ನಮ್ಮ ದೇಶದಲ್ಲಿ ಇಬ್ಬರು ಬ್ಯಾಕುಗಳ ಹಳೆಯ ವ್ಯೂಹವೇ ಇನ್ನೂ ಕಾಲು ಶತಮಾನದಷ್ಟು ಕಾಲ ನಡೆದುಬಂತು.

ಆ ಕಾಲು ಶತಮಾನದಲ್ಲಿಯೇ ಬೆಂಗಳೂರಿನ ವಿದ್ಯೆ ರೂಪುಗೊಂಡಿತು, ರೂಪುಗೊಂಡುದು ಬರಿಗಾಲಿನಲ್ಲಿ. ಬೂಟು ತೊಟ್ಟ ಸೋಲ್ಜರನು ಎದುರಿನಿಂದ ಬರುತ್ತಿದ್ದಾನೆ, ತನ್ನ ಕಾಲಿಗೆ ಹೆಚ್ಚೆಂದರೆ ಒಂದು ಬಟ್ಟೆಯ ಪಟ್ಟಿ. ಇಂಥ ಸ್ಥಿತಿಯಲ್ಲಿ ಚೆಂಡನ್ನು ಇಟ್ಟುಕೊಂಡು ನಿಲ್ಲುವುದೆಂದರೆ ಬೆರಳುಗಳನ್ನು ಒಪ್ಪಿಸಿದಂತೆಯೇ. ಆದಕಾರಣ ಬರಿಗಾಲಿನ ಆಟಗಾರನಿಗೆ ಎರಡೇ ದಾರಿಗಳಿದ್ದವು: ಬೂಟು ಬಂದು ತಾಕುವುದಕ್ಕೆ ಮುನ್ನವೇ ಚೆಂಡನ್ನು ಬೇರೊಬ್ಬನಿಗೆ ಕೊಟ್ಟುಬಿಡುವುದು, ಇಲ್ಲವೇ ಕೊಡುವಂತೆ ನಟಿಸಿ ಅಂಗಾಲಿನಿಂದ ಅದನ್ನು ಎಳೆದುಕೊಂಡು ಪಕ್ಕಕ್ಕೆ ಸರಿಯುವುದು. ಗಟ್ಟಿ ಕೆಮ್ಮಣ್ಣಿನ ಮೇಲೆ ಪುಟಿಯುವ ಚೆಂಡನ್ನು ಅಡಗಿಸುವುದಕ್ಕೆ ಬೂಟಿನ ಚರ್ಮಕ್ಕಿಂತ ಪಾದದ ಚರ್ಮವೇ ಸೂಕ್ಷ್ಮವಾದ ಸಾಧನವೆಂಬುದನ್ನು ಒಪ್ಪದವರು ಕಡಮೆ. ಮಳೆ ಬಿದ್ದು ಹುಲ್ಲು ನೆನೆದರೆ ಮಾತ್ರ ಈ ಸೂಕ್ಷ್ಮತೆಯೆಲ್ಲ ಜಾರಿಹೋಗುತ್ತಿತ್ತು, ಅಕ್ಷರಶಃ.

1891ರಲ್ಲಿ ಮುಂಬಯಿಯಲ್ಲಿ ಆರಂಭವಾದ ರೋವರ್ಸ್ ಕಪ್ಪನ್ನು ನಾಲ್ಕು ದಶಕಗಳಿಗೂ ಮಿಕ್ಕ ಕಾಲ ಪಟಾಲಮಿನ ತಂಡಗಳೇ ಹಂಚಿಕೊಂಡಿದ್ದವು. ಅದನ್ನು ಗೆದ್ದ ಮೊದಲನೆಯ ಭಾರತೀಯ ನಾಗರಿಕ ತಂಡವು ಕಲ್ಕತ್ತೆಯದಲ್ಲ, ನಮ್ಮ ಬೆಂಗಳೂರು ಮುಸ್ಲಿಮ್ಸ್ ಎಂಬುದನ್ನು ಕನ್ನಡಿಗರು ಆಗಾಗ್ಗೆ ನೆನೆಯತಕ್ಕದ್ದು. 1937ರ ಅಂತಿಮ ಪಂದ್ಯದಲ್ಲಿ ಅವರು ಒಂದು ಗೋಲಿನಿಂದ ಸೋಲಿಸಿದ್ದು, 1934ರಿಂದ ಕಲ್ಕತ್ತೆಯ ಲೀಗನ್ನು ವರ್ಷವರ್ಷವೂ ಗೆಲ್ಲುತ್ತಿದ್ದ ಮೊಹಮ್ಮದನ್ ಸ್ಪೋರ್ಟಿಂಗನ್ನು. ಮರುವರ್ಷವೂ ಕಪ್ಪು ಬೆಂಗಳೂರಿಗೇ ಬಂತು. 1948ರಲ್ಲಿ ಮೂರನೆಯ ಸಲ ಬಂತು. ಇವುಗಳ ನಡುವೆ 1946-47ರ ಸಂತೋಷ್ ಟ್ರೋಫಿಯಲ್ಲಿ ಮೈಸೂರು ತಂಡವು ಬಂಗಾಳವನ್ನು ಸೋಲಿಸಿ ಪ್ರಥಮ ಬಾರಿಗೆ ರಾಷ್ಟ್ರೀಯ ವಿಜೇತವಾಯಿತು. ಆ ಪೀಳಿಗೆಯ ಆಟಗಾರರಲ್ಲಿ ಅಹ್ಮದ್ ಖಾನನನ್ನು ವಿಶೇಷವಾಗಿ ಹೇಳಬೇಕು. 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಕಲ್ಕತ್ತೆಯ ಈಸ್ಟ್ ಬೆಂಗಾಲಿನ ಪಂಚಪಾಂಡವರೆಂದು ಹೆಸರಾದ ಐವರು ಫಾರ್ವರ್ಡುಗಳಲ್ಲಿ ಒಬ್ಬನಾಗಿ, 1949ರಿಂದ 1951ರವರೆಗೆ ಸತತವಾಗಿ ಮೂರು ವರ್ಷ ಐ.ಎಫ್.ಎ. ಶೀಲ್ಡನ್ನು ಗೆದ್ದ ತಂಡದಲ್ಲಿ ಆಡಿ, ಹಾವಾಡಿಗನೆಂಬ ಬಿರುದನ್ನು ಪಡೆದವನು ಆತನು. ಹೆಸರಿಗೆ ಫಾರ್ವರ್ಡನಾದರೂ ಅವನ ಪ್ರಯೋಜನ ಹಿಂಬದಿಯವರಿಗೆ ಸಲ್ಲುತ್ತಿತ್ತೆಂದು ನನ್ನ ಅಭಿಪ್ರಾಯ. ಒತ್ತಡಕ್ಕೆ ಸಿಕ್ಕಿದ ಹಾಫ್‌ಬ್ಯಾಕಿಗೆ ಬೇಕಾದುದು ಎಷ್ಟೇ ಕೆಟ್ಟ ಚೆಂಡನ್ನು ಕಳುಹಿಸಿದರೂ ಅದನ್ನು ಕಾಲಿಗೆ ಅಂಟಿಸಿಕೊಂಡು, ಉಳಿದವರು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಕಾಪಾಡಬಲ್ಲ ಒಬ್ಬನು. ಅಂಥವನಿದ್ದರೆ ಮುತ್ತಿಗೆ ಹಾಕಿದವರ ಅರ್ಧ ಶ್ರಮ ವ್ಯರ್ಥವಾಗುತ್ತದೆ.

ಈ ವಿದ್ಯೆಯ ಉತ್ಕರ್ಷವನ್ನೂ ಮಿತಿಯನ್ನೂ ಎರಡು ಒಲಿಂಪಿಕ್ ಕ್ರೀಡೆಗಳು ನಾಲ್ಕು ವರ್ಷಗಳ ಅಂತರದಲ್ಲಿ ತೋರಿಸಿಕೊಟ್ಟವು. 1948ರ ಜುಲೈ 31ರಂದು ಲಂಡನ್ನಿನ ಸಮೀಪದ ಇಲ್‌ಫರ್ಡಿನಲ್ಲಿ, ಬಹುಮಟ್ಟಿಗೆ ಬರಿಗಾಲಿನಲ್ಲಿಯೇ ಆಡಿದ ಭಾರತವು ಫ್ರಾನ್ಸಿಗೆ ಸೋತುದು ಕೇವಲ 2-1 ಗೋಲುಗಳಿಂದ. ಅದೂ ಎರಡು ಪೆನಾಲ್ಟಿಗಳನ್ನು ವ್ಯರ್ಥಮಾಡಿಕೊಂಡು, ಕೊನೆಯ ನಿಮಿಷಗಳಲ್ಲಿ. ಭಾರತದ ಏಕೈಕ ಗೋಲನ್ನು ಹೊಡೆದವನು ಮೈಸೂರಿನ ಸಾರಂಗಪಾಣಿ ರಾಮನ್. ಒಣಗಿದ ನೆಲದ ಮೇಲೆ ಪಾದದ ಕೌಶಲವು ಬೂಟಿನ ಬಲಕ್ಕೆ ಸರಿಸಮನಾಗಿ ನಿಂತಿತೆಂದು ನೋಡಿದವರೆಲ್ಲ ಹೊಗಳಿದರು. ಆದರೆ 1952ರ ಹೆಲ್ಸಿಂಕಿಯಲ್ಲಿ, ಚಳಿಯ ನಾಡಿನ ನೆಲದಲ್ಲಿ, ಯುಗೋಸ್ಲಾವಿಯವು ಅದೇ ಕೌಶಲವನ್ನು 10-1 ಗೋಲುಗಳಿಂದ ಮಣ್ಣುಗೂಡಿಸಿತು. ಆ ಒಂದು ಗೋಲು ಅಹ್ಮದ್ ಖಾನನದು. ಬರಿಗಾಲನ್ನು ದೂಷಿಸಿದವರು ಬಹಳ ಮಂದಿ. ಭಾರತದ ಕಾಲ್ಚೆಂಡಾಟದ ಫೆಡರೇಷನ್ ತರುವಾಯ ಬೂಟನ್ನು ಕಡ್ಡಾಯಮಾಡಿತು. ಆದರೆ ದೋಷವೆಲ್ಲ ಪಾದದಲ್ಲಿಯೇ ಇದ್ದಿತೆಂದು ನನಗೆ ತೋರುವುದಿಲ್ಲ. ಒಬ್ಬನು ಒಬ್ಬನನ್ನು ತಪ್ಪಿಸಬಲ್ಲನು, ಇಬ್ಬರನ್ನೂ ತಪ್ಪಿಸಿಯಾನು. ಒಬ್ಬನನ್ನು ತಪ್ಪಿಸಿದ ಜಾಗದಲ್ಲಿಯೇ ಎರಡನೆಯವನು ಮೊದಲೇ ಬಂದು ನಿಂತಿರುವಂತೆ ಏರ್ಪಾಡುಮಾಡಿಕೊಂಡ ತಂಡದ ಮುಂದೆ ಹಾವಾಡಿಗನ ಪುಂಗಿಯೂ ಕೆಲಸಕ್ಕೆ ಬಾರದು. ಆಟವು ವ್ಯಕ್ತಿಗಳ ಕೈಯಿಂದ ವ್ಯೂಹದ ಕೈಗೆ ಹೋಗುತ್ತಿದ್ದ ಸಂಧಿಕಾಲದಲ್ಲಿ ನಮ್ಮವರು ಇನ್ನೂ ಇಬ್ಬರು ಬ್ಯಾಕುಗಳನ್ನಿಟ್ಟುಕೊಂಡು ನಿಂತಿದ್ದರು.

ಆ ಕೊರತೆಯನ್ನು ತುಂಬಿದವನು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ಮೂರನೆಯ ಬ್ಯಾಕನ್ನೂ, ಅನಂತರ ನಾಲ್ವರು ಬ್ಯಾಕುಗಳೂ ಇಬ್ಬರು ಹಾಫ್‌ಬ್ಯಾಕುಗಳೂ ಇರುವ ವ್ಯೂಹವನ್ನೂ ಭಾರತದ ತಂಡಕ್ಕೆ ಅಭ್ಯಾಸಮಾಡಿಸಿ, 1956ರ ಮೆಲ್ಬೋರ್ನಿನಲ್ಲಿ ನಾಲ್ಕನೆಯ ಸ್ಥಾನಕ್ಕೂ 1962ರ ಜಕಾರ್ತದಲ್ಲಿ ಏಷ್ಯಾದ ಸ್ವರ್ಣಪದಕಕ್ಕೂ ಅದನ್ನು ಕೊಂಡೊಯ್ದ ಆ ಶಿಕ್ಷಕನ ಕಥೆ ಸಾಕಷ್ಟು ಪ್ರಸಿದ್ಧವಾಗಿದೆ. ನಮಗೆ ಪ್ರಸ್ತುತವಾದುದು, ಮೆಲ್ಬೋರ್ನಿಗೂ 1960ರ ರೋಮಿಗೂ ಹೋದ ಅವನ ತಂಡಗಳಲ್ಲಿ ಮೈಸೂರಿನ ಮಾರಿಯಪ್ಪ ಕೆಂಪಯ್ಯನೆಂಬ ಹಾಫ್‌ಬ್ಯಾಕು ಇದ್ದನೆಂಬುದು. ಮೋಹನ್ ಬಾಗಾನಿನ ಪರವಾಗಿ ಕಲ್ಕತ್ತೆಯಲ್ಲಿ ಕೀರ್ತಿ ಗಳಿಸಿದ ಈತನ ಹೆಸರನ್ನು ಕೇಳಿದರೆ ನಮ್ಮ ತುಮಕೂರು ಸೀಮೆಯ ಯಾವುದಾದರೂ ಹಳ್ಳಿಯ ಪಟೇಲರ ನೆನಪಾಗುವುದೇ ಹೊರತು ಒಲಿಂಪಿಕ್ಸಿನ ನೆನಪಾಗುವುದಿಲ್ಲ. ಇದು ನಮ್ಮ ವಿಸ್ಮೃತಿಯ ಅಳತೆ. ನಾಲ್ವರು ಬ್ಯಾಕುಗಳ ಮುಂದೆ ಇಬ್ಬರೇ ನಿಲ್ಲಬೇಕಾದ ವ್ಯೂಹದಲ್ಲಿ ಹಾಫ್‌ಬ್ಯಾಕಿನ ಕೆಲಸ ಇಮ್ಮಡಿಯಾಗುತ್ತದೆ: ಎದುರಾಳಿಯ ಕಾಲಿನಿಂದ ಚೆಂಡನ್ನು ಕಸಿಯುವವನೂ ಅವನೇ, ಕಸಿದುದನ್ನು ಮರುಕ್ಷಣದಲ್ಲಿ ಕಳೆದುಕೊಳ್ಳದೆ ಮುಂದಕ್ಕೆ ಸಾಗಿಸುವವನೂ ಅವನೇ. ಎದುರು ತಂಡ ತನ್ನ ಜಾಗಗಳಿಗೆ ಮರಳುವ ಮೊದಲು ಆ ಚೆಂಡು ಹೊರಟುಹೋಗಬೇಕು.

ಆ ಮೇಲಿನ ಕಾಲವನ್ನು ಬೇಗನೆ ದಾಟಬಹುದು. ಮೈಸೂರು 1952-53ರಲ್ಲಿ ಎರಡನೆಯ ಬಾರಿಯೂ, 1967-68 ಹಾಗೂ 1968-69ರಲ್ಲಿ ಬೆನ್ನುಬೆನ್ನಿಗೂ ಸಂತೋಷ್ ಟ್ರೋಫಿಯನ್ನು ಗೆದ್ದು, ಅಲ್ಲಿಂದಾಚೆಗೆ ಐದು ದಶಕಗಳಿಗೂ ಮೀರಿ ಬರಿಗೈಯಲ್ಲಿ ಉಳಿಯಿತು. ಎಚ್.ಎ.ಎಲ್., ಐ.ಟಿ.ಐ. ಮೊದಲಾದ ಕಾರ್ಖಾನೆಗಳು ಆಟಗಾರರಿಗೆ ಸಂಬಳವನ್ನೂ ಭದ್ರತೆಯನ್ನೂ ಕೊಟ್ಟವು. ವಿದ್ಯೆಯಲ್ಲಿ ಮಾತ್ರ ಹೊಸತೇನೂ ಸೇರಲಿಲ್ಲ. ಸೇರುತ್ತಿದ್ದುದು ಬೇರೆಡೆಯಲ್ಲಿ. 1966ರಿಂದ ಮೂರು ವರ್ಷ ಸೋವಿಯತ್ ಲೀಗನ್ನು ಗೆದ್ದ ಡೈನಮೊ ಕೀವ್ ತಂಡದ ಗುರು ವಿಕ್ಟರ್ ಮಾಸ್ಲೊವ್ ಕೂಡಿಕೊಂಡು ಬೇಟೆಯಾಡುವ ಕ್ರಮವನ್ನು ಶಾಸ್ತ್ರವಾಗಿಸಿದನು. ರೀನಸ್ ಮಿಖೆಲ್ಸನ ಹಾಲೆಂಡು 1974ರಲ್ಲಿ ಅದನ್ನು ಲೋಕಕ್ಕೆಲ್ಲ ಪ್ರದರ್ಶಿಸಿತು. ಅರಿಗೊ ಸಾಕ್ಕಿಯ ಮಿಲಾನ್ 1989 ಮತ್ತು 1990ರಲ್ಲಿ ಯೂರೋಪಿನ ಕಪ್ಪನ್ನು ಗೆದ್ದು, ಹಿಂಬದಿಯವರು ಸಹ ಮೈದಾನದ ನಡುಗೆರೆಯವರೆಗೆ ಏರಿಬಂದು ಆಟದ ಭೂಮಿಯನ್ನೇ ಅರ್ಧಕ್ಕೆ ಇಳಿಸಬಹುದೆಂದು ತೋರಿಸಿತು. ಹೀಗೆ ಒತ್ತಡ ಏರುತ್ತಿರುವಾಗಲೇ 1992ರಲ್ಲಿ ನಿಯಮದ ಇನ್ನೊಂದು ಏಟು ಬಿದ್ದಿತು: ತನ್ನವನು ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರನು ಕೈಯಿಂದ ಹಿಡಿಯಕೂಡದು. ಅಷ್ಟು ದಿನ ಕಷ್ಟಕ್ಕೆ ಸಿಕ್ಕಿದ ಬ್ಯಾಕಿಗೆ ಗೋಲ್‌ಕೀಪರನ ತೋಳುಗಳು ಶರಣಾಲಯವಾಗಿದ್ದವು. ಆ ಬಾಗಿಲು ಮುಚ್ಚಿತು. ಇನ್ನು ಮೇಲೆ ಗೋಲ್‌ಕೀಪರನೂ ಕಾಲಿನಿಂದ ಆಡಬಲ್ಲವನಾಗಬೇಕಾಯಿತು. ಕಲಿತ ಮೇಲೆ ಆತನೇ ಹನ್ನೊಂದನೆಯ ಆಟಗಾರನಾಗಿ, ಹತ್ತು ಮಂದಿ ಮುತ್ತಿಗೆ ಹಾಕಿದರೂ ಒಬ್ಬನು ಬಿಡುವಾಗಿಯೇ ಉಳಿಯುತ್ತಾನೆಂಬ ಲೆಕ್ಕಾಚಾರ ಹುಟ್ಟಿಕೊಂಡಿತು. ಇಂದಿನ ವಿದ್ಯೆಯೆಲ್ಲ ಈ ಒಂದು ಲೆಕ್ಕದ ವಿಸ್ತರಣೆ.

ಆ ಬರಡು ದಶಕಗಳಲ್ಲಿಯೂ ಬೆಂಗಳೂರು ನಡುಮೈದಾನದವರನ್ನು ಹೆರುವುದನ್ನು ನಿಲ್ಲಿಸಲಿಲ್ಲವೆಂಬುದಕ್ಕೆ ಕಾರ್ಲ್ಟನ್ ಚಾಪ್‌ಮನ್ ಸಾಕ್ಷಿ. 1971ರಲ್ಲಿ ಇಲ್ಲಿ ಹುಟ್ಟಿ, ಟಾಟಾ ಅಕಾಡೆಮಿಯಲ್ಲಿ ಪಳಗಿ, 1996-97ರ ಮೊದಲ ರಾಷ್ಟ್ರೀಯ ಲೀಗನ್ನು ಗೆದ್ದ ಜೆ.ಸಿ.ಟಿ. ತಂಡದಲ್ಲಿಯೂ ಈಸ್ಟ್ ಬೆಂಗಾಲಿನಲ್ಲಿಯೂ ಆಡಿ, ಭಾರತದ ನಾಯಕನೂ ಆದ ಆತನು 2020ರಲ್ಲಿ ಅಕಾಲಮರಣಕ್ಕೆ ತುತ್ತಾದನು.

2013ರಲ್ಲಿ ಬೆಂಗಳೂರು ಎಫ್.ಸಿ. ಸ್ಥಾಪಿತವಾಯಿತು. ಮೊದಲ ವರ್ಷದಲ್ಲಿಯೇ ಐ-ಲೀಗನ್ನು ಗೆದ್ದುಕೊಟ್ಟ ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್ ಹಿಂಬದಿಯಲ್ಲಿ ನೇಯ್ಗೆಯ ಆಟವನ್ನು ಹೆಚ್ಚಾಗಿ ಬೇಡಿದವನಲ್ಲ. ದೇಹದಾರ್ಢ್ಯ, ಶಿಸ್ತು, ನೇರವಾದ ನುಗ್ಗು ಇವು ಅವನ ಬಂಡವಾಳ. 2016ರಲ್ಲಿ ಅವನ ಸ್ಥಾನಕ್ಕೆ ಬಂದ ಆಲ್ಬರ್ಟ್ ರೋಕಾ ಬಾರ್ಸಿಲೋನದಲ್ಲಿ ಫ್ರಾಂಕ್ ರೈಕಾರ್ಡನಿಗೆ ಸಹಾಯಕನಾಗಿದ್ದವನು; ಅವನ ತರುವಾಯ ಬಂದ ಕಾರ್ಲೆಸ್ ಕ್ವಾದ್ರಾತನೂ ಅದೇ ಮನೆತನದವನು. ಇವರ ಕಾಲದಲ್ಲಿ ಕಂಠೀರವ ಕ್ರೀಡಾಂಗಣದ ಪ್ರೇಕ್ಷಕರು, ತಮ್ಮವರು ತಮ್ಮದೇ ಗೋಲಿನ ಮುಂದೆ ಚೆಂಡನ್ನು ಒಬ್ಬರಿಂದೊಬ್ಬರಿಗೆ ಕೊಡುತ್ತ ಎದುರಾಳಿಗಳನ್ನು ಬೇಕೆಂದೇ ಹತ್ತಿರಕ್ಕೆ ಕರೆದುಕೊಳ್ಳುವುದನ್ನು ಕಂಡು ಮೊದಮೊದಲು ಗಾಬರಿಗೊಂಡರೂ ಆಶ್ಚರ್ಯವಿಲ್ಲ.

ಬೇಕೆಂದೇ ಎಂದೆ, ವಿದ್ಯೆಯ ಮರ್ಮವಿರುವುದು ಅಲ್ಲಿಯೇ. ಗೋಲ್‌ಕೀಪರನ ಕೈಯಲ್ಲಿ ಚೆಂಡಿರುವಾಗ ನಡುವಣ ಇಬ್ಬರು ಬ್ಯಾಕುಗಳು ಪೆನಾಲ್ಟಿ ಆವರಣದ ಎರಡು ಅಂಚುಗಳಿಗೆ ಸರಿದು ನಿಲ್ಲುತ್ತಾರೆ, ಪಕ್ಕದ ಬ್ಯಾಕುಗಳು ಮುಂದಕ್ಕೆ ಏರುತ್ತಾರೆ, ನಡುಮೈದಾನದವರಲ್ಲಿ ಒಬ್ಬನು ಆ ಇಬ್ಬರ ಮಧ್ಯಕ್ಕೆ ಇಳಿದುಬರುತ್ತಾನೆ. ಎದುರಾಳಿಯ ಇಬ್ಬರು ಫಾರ್ವರ್ಡುಗಳು ಈ ಮೂವರ ಮೇಲೆ ಓಡಿದರೆ ಒಬ್ಬನು ಬಿಡುವಾಗಿ ಉಳಿಯುತ್ತಾನೆ. ಮೂರನೆಯವನೊಬ್ಬನನ್ನು ಓಡಿಸಿದರೆ ಅವನು ಬಿಟ್ಟುಬಂದ ಜಾಗ ತೆರವಾಗುತ್ತದೆ. ಕಬಡ್ಡಿಯಲ್ಲಿ ಜಾಣನಾದ ರೈಡರನು ಕೈಹಿಡಿದು ನಿಂತ ಎದುರಾಳಿಗಳ ಸರಪಣಿಯ ಮೇಲೆ ನೇರವಾಗಿ ಬೀಳದೆ, ಒಂದು ಕೊನೆಯವರನ್ನು ಕೆಣಕಿ ಮುಂದಕ್ಕೆ ಎಳೆದು, ಸರಪಣಿ ಬಾಗಿದೊಡನೆ ಇನ್ನೊಂದು ಕೊನೆಯನ್ನು ಮುಟ್ಟಿ ಗೆರೆಗೆ ಮರಳುವಂತೆ, ಇಲ್ಲಿಯೂ ಚೆಂಡನ್ನಿಟ್ಟುಕೊಂಡ ಬ್ಯಾಕು ನಾಲ್ಕು ಹೆಜ್ಜೆ ಮುನ್ನಡೆದು ಒಬ್ಬನನ್ನು ತನ್ನ ಮೇಲೆ ಬರಿಸಿಕೊಳ್ಳುತ್ತಾನೆ. ಅವನು ಬಂದನೆಂದರೆ ಅವನ ಬೆನ್ನ ಹಿಂದಿದ್ದವನಿಗೆ ಬಿಡುಗಡೆ. ಆದರೆ ಆ ಬಿಡುಗಡೆಗೊಂಡವನಿಗೆ ನೇರವಾಗಿ ಕೊಡುವ ದಾರಿಯಲ್ಲಿ ಬಂದವನ ಮೈಯೇ ಅಡ್ಡವಿರುವುದರಿಂದ, ಮೊದಲು ಮುಂದಿನ ಮತ್ತೊಬ್ಬನಿಗೆ ಕೊಟ್ಟು, ಅವನು ಒಂದೇ ಸ್ಪರ್ಶದಲ್ಲಿ ಹಿಂದಕ್ಕೋ ಪಕ್ಕಕ್ಕೋ ತಳ್ಳಿ, ಬಿಡುವಾದವನ ಕಾಲಿಗೆ ಚೆಂಡನ್ನು ಸೇರಿಸುವ ತ್ರಿಕೋನವು ಬೇಕಾಗುತ್ತದೆ.

ಇಷ್ಟು ನಡೆಯಬೇಕಾದರೆ ನಡುಮೈದಾನದವನು ಚೆಂಡು ಬರುವುದಕ್ಕೆ ಮೊದಲೇ ಎರಡು ಮೂರು ಬಾರಿ ಭುಜದ ಮೇಲಿಂದ ಹಿಂದಿರುಗಿ ನೋಡಿರಬೇಕು. ಮೈಯನ್ನು ಅರೆವಾಸಿ ತಿರುಗಿಸಿ ನಿಂತಿದ್ದು, ಎದುರಾಳಿಯಿಂದ ದೂರವಾದ ಕಾಲಿನಿಂದ ಚೆಂಡನ್ನು ಬರಮಾಡಿಕೊಳ್ಳಬೇಕು. ಮುತ್ತಿಗೆ ಹಾಕುವವರಿಗೂ ತಮ್ಮದೇ ಸಂಕೇತಗಳುಂಟು: ಚೆಂಡು ತುಸು ದೂರ ಪುಟಿದ ಕೆಟ್ಟ ಸ್ಪರ್ಶ, ಬೆನ್ನು ತಿರುಗಿಸಿ ನಿಂತ ಆಟಗಾರ, ನಿಧಾನವಾಗಿ ಉರುಳುವ ಹಿಂಪಾಸು, ಪಕ್ಕದ ಗೆರೆಗೆ ಅಂಟಿಕೊಂಡ ಬ್ಯಾಕು. ಆ ಗೆರೆಯು ಅವರ ಪಾಲಿಗೆ ಎಂದೂ ದಣಿಯದ ಇನ್ನೊಬ್ಬ ಕಾವಲುಗಾರ. ಬರಿಗಾಲಿನ ಕಾಲದ ಆಟಗಾರನು ಒತ್ತಡವನ್ನು ಅದು ಬಂದ ಮೇಲೆ ಪಾದದಿಂದ ಬಿಡಿಸುತ್ತಿದ್ದನು. ಇಂದಿನವನು ಅದು ಬರುವ ಮುನ್ನವೇ ಕಣ್ಣಿನಿಂದ ಬಿಡಿಸಬೇಕು. ಪಾದದ ವಿದ್ಯೆ ಹುಡುಗನಿಗೆ ಬೀದಿಯಲ್ಲಿ ತಾನಾಗಿ ಬರುತ್ತದೆ. ಕಣ್ಣಿನ ವಿದ್ಯೆಯನ್ನು ಯಾರಾದರೂ ಕಲಿಸಲೇಬೇಕು, ಅದೂ ಚಿಕ್ಕ ವಯಸ್ಸಿನಲ್ಲಿ. ದಂಡಿನ ಪ್ರದೇಶದ ಬೀದಿಗಳು ಮೊದಲನೆಯದನ್ನು ಧಾರಾಳವಾಗಿ ಕೊಟ್ಟಿದ್ದರೂ ಎರಡನೆಯದಕ್ಕಾಗಿ ನಾವು ಸ್ಪೇನಿನವರನ್ನು ಕರೆಯಬೇಕಾಗಿ ಬಂದುದಕ್ಕೆ ಕಾರಣ ಇದೇ ಎಂದು ತೋರುತ್ತದೆ.

ಫಲವೂ ಕಂಡಿತು. 2016ರ ಅಕ್ಟೋಬರ್ 19ರಂದು ಕಂಠೀರವದಲ್ಲಿ, ಎ.ಎಫ್.ಸಿ. ಕಪ್ಪಿನ ಹಿಂದಿನ ವರ್ಷದ ವಿಜೇತರಾದ ಮಲೇಷ್ಯಾದ ಜೋಹೊರ್ ತಂಡಕ್ಕೆ ಮೊದಲ ಗೋಲನ್ನು ಬಿಟ್ಟುಕೊಟ್ಟರೂ ಎದೆಗುಂದದೆ ಬೆಂಗಳೂರು 3-1ರಿಂದ ಗೆದ್ದು, ಆ ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿದ ಮೊದಲ ಭಾರತೀಯ ತಂಡವಾಯಿತು. ದೋಹಾದಲ್ಲಿ ಇರಾಕಿನ ವಾಯುಸೇನೆಯ ತಂಡಕ್ಕೆ ಒಂದು ಗೋಲಿನಿಂದ ಸೋತಿತು. 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ ನಡೆದ ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯವು ಇನ್ನೂ ರೋಚಕವಾದುದು. ಎದುರಾಳಿಯಾದ ಗೋವಾ ತಂಡದ ಗುರು ಸೆರ್ಜಿಯೊ ಲೊಬೇರನೂ ಬಾರ್ಸಿಲೋನದಲ್ಲಿ ಕೆಲಸಮಾಡಿದವನೇ. ಒಂದೇ ಗುರುಕುಲದ ಎರಡು ಶಾಖೆಗಳು ಪರಸ್ಪರ ಒತ್ತುತ್ತಲೂ ಆ ಒತ್ತಡದಿಂದ ಬಿಡಿಸಿಕೊಳ್ಳುತ್ತಲೂ ಕಳೆದ ಸುದೀರ್ಘ ಕಾದಾಟವನ್ನು 117ನೆಯ ನಿಮಿಷದಲ್ಲಿ ಮುಗಿಸಿದ್ದು, ಡಿಮಾಸ್ ಡೆಲ್ಗಾಡೊ ಕಳುಹಿಸಿದ ಒಂದು ಸಾಧಾರಣ ಕಾರ್ನರಿಗೆ ರಾಹುಲ್ ಭೇಕೆ ಕೊಟ್ಟ ತಲೆ. ಶಾಸ್ತ್ರವೆಲ್ಲ ಪಕ್ಕಕ್ಕಿದ್ದಿತು, ಗೋಲು ಮಾತ್ರ ಹಳೆಯ ದಾರಿಯಲ್ಲಿಯೇ ಬಂತು. ನಾಲ್ಕು ವರ್ಷಗಳ ಬಳಿಕ, 2023ರ ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾಧಿನಲ್ಲಿ ಕರ್ನಾಟಕವು ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ಅನಂತರ ಸಂತೋಷ್ ಟ್ರೋಫಿಯನ್ನು ಮರಳಿ ಪಡೆಯಿತು.

ಈ ನಡುವೆ ನಿಯಮವು ಮತ್ತೊಮ್ಮೆ ಬದಲಾಗಿದೆ. 2019ರಿಂದ ಗೋಲ್ ಕಿಕ್ಕಿನ ಚೆಂಡು ಪೆನಾಲ್ಟಿ ಆವರಣವನ್ನು ದಾಟಿ ಹೋಗಬೇಕಾಗಿಲ್ಲ. ಬ್ಯಾಕುಗಳು ಗೋಲಿನ ಬಾಯಲ್ಲಿಯೇ ನಿಂತು ಅದನ್ನು ಸ್ವೀಕರಿಸಬಹುದು. ಹಿಂಬದಿಯವರಿಗೆ ಅನುಕೂಲವೆಂದು ಮಾಡಿದ ಈ ತಿದ್ದುಪಡಿಯು ಮುತ್ತಿಗೆ ಹಾಕುವವರನ್ನೂ ಅಷ್ಟೇ ಹತ್ತಿರಕ್ಕೆ ಕರೆದಿದೆ. ಅಲ್ಲಿಂದೀಚೆಗೆ ಅನೇಕ ತಂಡಗಳು ಜಾಗವನ್ನು ಕಾಯುವುದನ್ನು ಬಿಟ್ಟು, ಮೈದಾನದ ಉದ್ದಗಲಕ್ಕೂ ಆಳಿಗೊಬ್ಬ ಆಳನ್ನು ಹಚ್ಚಿ, ತ್ರಿಕೋನದ ಮೂರು ಮೂಲೆಗಳನ್ನೂ ಏಕಕಾಲಕ್ಕೆ ಮುಚ್ಚುತ್ತಿವೆ. ಹಾಗೆ ಮುಚ್ಚಿದಾಗ ಬಿಡುವಾಗಿ ಉಳಿಯುವವನು ಗೋಲ್‌ಕೀಪರನೊಬ್ಬನೇ, ಮತ್ತು ಎದುರಾಳಿಯ ಹಿಂಬದಿಯಲ್ಲಿ ಒಬ್ಬರಿಗೊಬ್ಬರು ಮಾತ್ರ ನಿಂತಿರುತ್ತಾರೆ. ಆದುದರಿಂದ ಹತ್ತಾರು ವರ್ಷ ಹತ್ತಿರದ ಪಾಸನ್ನೇ ಅಭ್ಯಾಸಮಾಡಿದ ಗೋಲ್‌ಕೀಪರುಗಳು ಈಗ ಅರವತ್ತು ಗಜದಾಚೆಗೆ, ತಮ್ಮ ಫಾರ್ವರ್ಡು ಓಡುತ್ತಿರುವ ದಾರಿಯ ಮುಂದಕ್ಕೆ ಅಳೆದು ಒದೆಯುವುದನ್ನು ಹೊಸದಾಗಿ ಕಲಿಯುತ್ತಿದ್ದಾರೆ.